ಹೊನ್ನಕ್ಕನ ಒರಿಜಿನಲ್ ಕಂಪ್ಯೂಟರ್

ಬೀಪ್.

ಒಂದೇ ಸಲ, ಸಣ್ಣಗೆ. ಪರಮೇಶ್ವರ ಹಿಡಿದುಕೊಂಡಿದ್ದ ಉಸಿರು ಬಿಟ್ಟ. ಹೊಸ ಮದರ್‌ಬೋರ್ಡು ಕೂರಿಸಿ ಮೊದಲ ಸಲ ಕರೆಂಟು ಕೊಟ್ಟಾಗ ಬರುವ ಆ ಒಂದು ಸದ್ದಿಗೆ ಅವನು ಹನ್ನೊಂದು ವರ್ಷಗಳಿಂದ ಕಿವಿ ಕೊಡುತ್ತ ಬಂದವನು. ಮೇಲಿಂದ ಮೇಲೆ ಉದ್ದಕ್ಕೆ ಕೂಗಿದರೆ ಮೆಮೊರಿ ಸರಿಯಾಗಿ ಕೂತಿಲ್ಲ. ಕೂಗೇ ಇಲ್ಲದಿದ್ದರೆ ಬೋರ್ಡು ಸತ್ತಿದೆ. ಒಂದು ಸಲ ಸಣ್ಣಗೆ ಕೂಗಿ ಸುಮ್ಮನಾದರೆ ಒಳಗೆಲ್ಲ ಕ್ಷೇಮ.

"ಬಂತಾ ಜೀವ?" ಹೊನ್ನಕ್ಕ ಬಾಗಿಲ ಹತ್ತಿರದಿಂದಲೇ ಕೇಳಿದಳು.

"ಬಂತು ಹೊನ್ನಕ್ಕ."

"ಬದುಕಿಕೊಂಡೆ ಮಾರಾಯ. ಮೂರು ದಿನದಿಂದ ನಂಗೆ ಊಟ ಸೇರ್ತಿರಲಿಲ್ಲ. ಸೋಮವಾರ ಸಂಘದವರು ಬರ್ತಾರೆ ಅಂತ ಗೊತ್ತಿತ್ತಲ್ಲ, ಸಿಡಿಲಿಗೆ ಅದಕ್ಕೆ ಮುಂಚೆಯೇ ಬರಬೇಕಿತ್ತಾ?"

ಅದು ಎರಡು ಸಾವಿರದ ಏಳನೇ ಇಸವಿ, ಏಪ್ರಿಲ್ ತಿಂಗಳ ಒಂದು ಶುಕ್ರವಾರ. ನರಸಿಂಹರಾಜಪುರದ ತಾಲ್ಲೂಕು ಕಚೇರಿಯ ಎದುರು ಸಾಲಿನಲ್ಲಿ ಹೊನ್ನಕ್ಕನದು ಒಂದು ಕೋಣೆಯ ಅಂಗಡಿ. ಎರಡು ಮೇಜು. ಒಂದರ ಮೇಲೆ ಹಳೆಯ ಕನ್ನಡ ಟೈಪ್‌ರೈಟರ್, ಹೂವಿನ ಬಟ್ಟೆ ಹೊದ್ದು ಕೂತಿತ್ತು. ಇನ್ನೊಂದರ ಮೇಲೆ ಕಂಪ್ಯೂಟರ್. ಮಂಗಳವಾರ ಮಧ್ಯಾಹ್ನ ಗುಡುಗು ಕೇಳಿದೊಡನೆ ಊರಿನವರೆಲ್ಲರಂತೆ ಅವಳೂ ಓಡಿ ಬಂದು ಪ್ಲಗ್ ಕಿತ್ತಿದ್ದಳು. ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸಿದ್ದ ಫೋನಿನ ವೈರು ಕೀಳುವುದನ್ನು ಮರೆತಿದ್ದಳು. ಸಿಡಿಲು ಆ ದಾರಿಯಲ್ಲಿ ಬಂದು ಮೋಡೆಮ್ ಸುಟ್ಟು, ಅಲ್ಲಿಂದ ಮದರ್‌ಬೋರ್ಡಿಗೆ ಇಳಿದಿತ್ತು. ಅವಳ ಫೋನೂ ಮೂಕವಾಗಿತ್ತು. ಪ್ಲಗ್ ಕಿತ್ತವರ ಕಂಪ್ಯೂಟರ್ ಹೀಗೆ ಸತ್ತದ್ದನ್ನು ಪರಮೇಶ್ವರ ಆ ಒಂದೇ ತಿಂಗಳಲ್ಲಿ ಐದು ಕಡೆ ನೋಡಿದ್ದ.

ಅವನಿಗೆ ಆಗ ಮೂವತ್ತಾರು ವರ್ಷ. ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು ಮಹಡಿಯಲ್ಲಿ ಅಂಗಡಿ ಇಟ್ಟಿದ್ದರೂ ಅವನು ಹೆಚ್ಚಾಗಿ ಸಿಗುತ್ತಿದ್ದುದು ಬಸ್ಸುಗಳಲ್ಲಿ. ಹೆಗಲಿಗೆ ಸ್ಕ್ರೂಡ್ರೈವರು, ಬ್ರಷ್ಷು, ಸೀಡಿಗಳಿದ್ದ ಚೀಲ. ಪಕ್ಕದ ಸೀಟಿನಲ್ಲಿ ಗೋಣಿ ಸುತ್ತಿದ ಯಾರದೋ ಕಂಪ್ಯೂಟರು. ಶೃಂಗೇರಿ ಬಸ್ಸಿನ ಕಂಡಕ್ಟರು ಅದನ್ನು ನೋಡಿ, "ಇವತ್ತು ಯಾರು ಪೇಶೆಂಟು?" ಎಂದು ಕೇಳುವುದು ರೂಢಿಯಾಗಿತ್ತು. ಡಬ್ಬಿ ಬಿಚ್ಚಿದರೆ ಒಳಗೆ ಹಲ್ಲಿಮೊಟ್ಟೆ, ಇರುವೆಗೂಡು, ಬೂಷ್ಟು. ಎಲ್ಲವನ್ನೂ ಅವನು ಅವಸರವಿಲ್ಲದೆ, ಮಗುವಿನ ಕಿವಿ ಒರೆಸುವಂತೆ ಒರೆಸಿ ತೆಗೆಯುತ್ತಿದ್ದ. ಮೆಲುದನಿಯ ಮನುಷ್ಯ. ಯಾರು ಏನು ಕೇಳಿದರೂ ಅವನ ಬಾಯಲ್ಲಿ ಇಲ್ಲ ಎಂಬ ಮಾತು ಬರುತ್ತಿರಲಿಲ್ಲ. ಜನ ಅದನ್ನು ಒಳ್ಳೆಯತನ ಎಂದುಕೊಂಡಿದ್ದರು. ಅವನೂ ಹಾಗೆಯೇ ಅಂದುಕೊಂಡಿದ್ದ.

ಪರದೆ ಬೆಳಗಿತು. ಹೊನ್ನಕ್ಕ ಟೈಪು ಮಾಡಿಟ್ಟಿದ್ದ ಅರ್ಜಿಗಳು, ಪತ್ರಗಳು ಎಲ್ಲ ಇದ್ದಲ್ಲೇ ಇದ್ದವು. ಅವಳು ಕೈ ಮುಗಿದಳು. ಅಷ್ಟರಲ್ಲಿ ಕೆಳಗಿನ ಮೂಲೆಯಿಂದ ಹಳದಿ ಬಣ್ಣದ ಚೌಕವೊಂದು ಮೇಲೆದ್ದಿತು. ಈ ಕಂಪ್ಯೂಟರಿನ ಭಾಗಗಳು ಬಹಳ ಬದಲಾಗಿವೆ, ಮೂರು ದಿನದೊಳಗೆ ವಿಂಡೋಸಿಗೆ ಮತ್ತೆ ಅನುಮತಿ ಪಡೆಯಬೇಕು ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು.

ಪರಮೇಶ್ವರ ಆ ಚೌಕವನ್ನು ತಟ್ಟನೆ ಮುಚ್ಚಿದ.

"ಎಂತದು ಅದು?"

"ಬೋರ್ಡು ಹೊಸದಲ್ಲವಾ, ಇದು ಬೇರೆಯೇ ಕಂಪ್ಯೂಟರು ಅಂತ ತಿಳ್ಕೊಂಡಿದೆ. ಕಂಪನಿಗೆ ಫೋನ್ ಮಾಡಿ, ಹಳೆಯದು ಸಿಡಿಲಿಗೆ ಹೋಯ್ತು ಅಂತ ಹೇಳಿದ್ರೆ ಒಪ್ತಾರೆ."

"ಹೇಳಿದ್ರಾಯ್ತು. ನಮ್ಮದು ಒರಿಜಿನಲ್ ತಾನೆ?"

ಒರಿಜಿನಲ್ಲೇ. ಆ ವಿಂಡೋಸನ್ನು ಎರಡು ವರ್ಷದ ಹಿಂದೆ ದುಡ್ಡು ಕೊಟ್ಟು ಶಿವಮೊಗ್ಗದಿಂದ ತಂದುಕೊಟ್ಟವನು ಅವನೇ. ಎಲ್ಲರೂ ಸುಮ್ಮನೆ ಪ್ರತಿ ಮಾಡಿದ್ದನ್ನು ಹಾಕಿಸಿಕೊಳ್ಳುತ್ತಾರೆ, ಯಾರೂ ಕೇಳುವುದಿಲ್ಲ ಎಂದು ಆಗ ಹೇಳಿದ್ದ. ಹೊನ್ನಕ್ಕ ಕನ್ನಡಕದ ಮೇಲಿಂದ ಅವನನ್ನು ನೋಡಿದ್ದಳು. "ದಿನಾ ಬೆಳಗಾದ್ರೆ 'ಮೇಲೆ ಹೇಳಿದ್ದೆಲ್ಲ ಸತ್ಯ' ಅಂತ ಟೈಪ್ ಮಾಡೋಳು ನಾನು. ಅದನ್ನ ಕದ್ದ ಮಾಲಿನಲ್ಲಿ ಮಾಡ್ಲಾ?" ಪರವಾನಗಿಯ ಚೀಟಿಯನ್ನು ಅವನೇ ಕಂಪ್ಯೂಟರಿನ ಬೆನ್ನಿಗೆ ಅಂಟಿಸಿಕೊಟ್ಟಿದ್ದ. ಅದರಲ್ಲಿ ಇಪ್ಪತ್ತೈದು ಅಕ್ಷರ, ಅಂಕಿಗಳ ಒಂದು ಕೀ. ಆಯುಧಪೂಜೆಯ ದಿನ ಹೊನ್ನಕ್ಕ ಆ ಚೀಟಿಯ ಪಕ್ಕದಲ್ಲೇ ಕುಂಕುಮ ಇಡುತ್ತಿದ್ದಳು.

ಹಾಗೆ ನಡೆದುಕೊಳ್ಳಲು ಅವಳಿಗೆ ಕಾರಣವಿತ್ತು. ಭದ್ರೆಯ ಹಿನ್ನೀರು ಏರಿ ಅವರ ಹಳ್ಳಿ ಮುಳುಗಿದಾಗ ಅವಳು ಸಣ್ಣ ಹುಡುಗಿ. ಪರಿಹಾರಕ್ಕೆಂದು ಅವಳ ಅಪ್ಪ ಯಾರೋ ಬರಹಗಾರನಿಂದ ಅರ್ಜಿ ಬರೆಸಿದ್ದರು. ಅವನು ಒಂದು ಸರ್ವೆ ನಂಬರ್ ತಪ್ಪು ಬರೆದ. ಓದಿ ಹೇಳಲಿಲ್ಲ. ಅಪ್ಪ ಹೆಬ್ಬೆಟ್ಟು ಒತ್ತಿದರು. ಆ ಗದ್ದೆ ಕೊನೆಗೂ ಅವರ ಲೆಕ್ಕಕ್ಕೆ ಬರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಟೈಪು ಮಾಡುತ್ತಿದ್ದ ಹೊನ್ನಕ್ಕ, ಯಾರೇ ಬರಲಿ, ಕಾಗದವನ್ನು ಗಟ್ಟಿಯಾಗಿ ಓದಿ ಹೇಳದೆ ಸಹಿ ಹಾಕಿಸುತ್ತಿರಲಿಲ್ಲ. ಒಂದೊಂದು ವಾಕ್ಯ ಮುಗಿದ ಮೇಲೂ ನಿಲ್ಲಿಸುತ್ತಿದ್ದಳು. ಎದುರಿಗಿದ್ದವರು "ಹೌದು" ಎನ್ನಬೇಕು. ಆಮೇಲೇ ಮುಂದಿನ ವಾಕ್ಯ. ಬಸ್ಸು ತಪ್ಪುತ್ತದೆ ಎಂದು ಜನ ಗೊಣಗುತ್ತಿದ್ದರು. ಆದರೂ ಅವಳಲ್ಲಿಗೇ ಬರುತ್ತಿದ್ದರು.

ಆ ಹೆಸರು ಕೇಳಿಯೇ ಊರಿನ ಮಹಿಳಾ ಸಹಕಾರ ಸಂಘದವರು ತಮ್ಮ ಸದಸ್ಯರ ಪಟ್ಟಿ, ಪತ್ರ, ವರದಿ ಎಲ್ಲವನ್ನೂ ಅವಳಿಗೆ ಒಪ್ಪಿಸಲು ಹೊರಟಿದ್ದರು. ಕಂಪ್ಯೂಟರಿನಲ್ಲಿರುವುದೆಲ್ಲ ಒರಿಜಿನಲ್ ಇರಬೇಕು ಎಂಬುದು ಅವರ ನಿಯಮ. ಸೋಮವಾರ ಬಂದು ನೋಡುವವರಿದ್ದರು. ಅನುಮತಿ ಸಿಗದಿದ್ದರೆ ಸೋಮವಾರ ಆ ಕಂಪ್ಯೂಟರ್ ಬಾಗಿಲನ್ನೇ ತೆರೆಯುವುದಿಲ್ಲ. ಪರದೆಯ ಮೇಲೆ ಕಾಣುವುದು ಆ ತಕರಾರಿನ ಮಾತು ಒಂದೇ.

ಪರಮೇಶ್ವರ ಆ ಚೌಕವನ್ನು ಮುಚ್ಚಿದ್ದು ಬೇರೆ ಕಾರಣಕ್ಕೆ.

ಒಂದು ವರ್ಷದ ಹಿಂದೆ ಕಮ್ಮರಡಿಯ ಹಾಲಿನ ಡೈರಿಗೆ ಅವನೊಂದು ಕಂಪ್ಯೂಟರು ಜೋಡಿಸಿದ್ದ. ಊರೂರು ತಿರುಗುತ್ತಿದ್ದ ಕಳ್ಳ ಕೀಗಳನ್ನೆಲ್ಲ ಕಂಪನಿ ಆಗಷ್ಟೇ ಗುರುತು ಹಿಡಿಯತೊಡಗಿತ್ತು. ಯಾವುದನ್ನು ಹಾಕಿದರೂ ಮೂಲೆಯಲ್ಲಿ ಒಂದು ನಕ್ಷತ್ರ ಮೂಡಿ, ಇದು ಅಸಲಿಯಲ್ಲ ಎನ್ನುತ್ತಿತ್ತು. ಡೈರಿಯವರು ಸಂಜೆ ಹಾಲು ಅಳೆಯುವ ಹೊತ್ತಿಗೆ ಬೇಕೇ ಬೇಕು ಎಂದರು. ಹೊನ್ನಕ್ಕನ ಕೀ ಅವನ ಪುಸ್ತಕದಲ್ಲಿ ಬರೆದಿತ್ತು, ಎಂದಾದರೂ ರಿಪೇರಿಗೆ ಬೇಕಾದೀತು ಎಂದು ಬರೆದುಕೊಂಡದ್ದು.

ಅವನ ಮನೆಯಲ್ಲಿ ಮೊಸರು ಹುಳಿಯಾಗಿ ಕೆಟ್ಟ ದಿನ ಹೆಂಡತಿ ಸಂಪದಾ ಲೋಟ ಹಿಡಿದು ಪಕ್ಕದ ಮನೆಗೆ ಹೋಗುತ್ತಿದ್ದಳು. ಒಂದು ಚಮಚ ಹೆಪ್ಪು ತಂದು ಬಿಸಿಹಾಲಿಗೆ ಹಾಕಿದರೆ ಬೆಳಗಾಗುವಾಗ ಪಾತ್ರೆ ತುಂಬ ಮೊಸರು. ಕೊಟ್ಟವರ ಮನೆಯ ಮೊಸರಿಗೆ ಅದರಿಂದ ಏನೂ ಆಗುವುದಿಲ್ಲ. ಹೆಪ್ಪನ್ನು ಇಲ್ಲ ಎನ್ನುವವರಿಲ್ಲ, ತಿರುಗಿ ಕೊಡುವವರೂ ಇಲ್ಲ. ಆ ಇಪ್ಪತ್ತೈದು ಅಕ್ಷರಗಳನ್ನೂ ಪರಮೇಶ್ವರ ಹಾಗೆಯೇ ಕಂಡ. ಡೈರಿಯ ಕಂಪ್ಯೂಟರಿನಲ್ಲಿ ಅದು ಒಂದೇ ಸಲಕ್ಕೆ ಹಿಡಿಯಿತು. ಅದಾದ ಮೇಲೆ ಅಡ್ಡಗದ್ದೆಯ ತಿಮ್ಮಪ್ಪ ಮೇಷ್ಟ್ರ ಮನೆಯಲ್ಲಿ. ಆಮೇಲೆ ಶೃಂಗೇರಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ. ನಿವೃತ್ತರಾಗಿದ್ದ ತಿಮ್ಮಪ್ಪ ಮೇಷ್ಟ್ರು ಅಂದು ಕೇಳಿದ್ದರು: "ಇದು ಒರಿಜಿನಲ್ ಏನಪ್ಪಾ?" "ಒರಿಜಿನಲ್ಲೇ ಸಾರ್," ಎಂದಿದ್ದ. ಅದು ಪೂರ್ತಿ ಸುಳ್ಳಲ್ಲ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ತನಗೇ ಹೇಳಿಕೊಂಡಿದ್ದ.

ಆದರೆ ಹೆಪ್ಪನ್ನು ಕೇಳಿ ತರುತ್ತಾರೆ. ಅವನು ಹೊನ್ನಕ್ಕನನ್ನು ಕೇಳಿರಲಿಲ್ಲ. ಕೇಳಿದರೆ ಅವಳು ಏನೆನ್ನುತ್ತಾಳೆಂದು ಗೊತ್ತಿತ್ತು.

ಅಂಗಡಿಯ ಫೋನು ಸತ್ತಿದ್ದರಿಂದ ಇಬ್ಬರೂ ಪಕ್ಕದ ರೇಣುಕಪ್ಪನ ಎಸ್‌ಟಿಡಿ ಬೂತಿಗೆ ಹೋದರು. ಪರಮೇಶ್ವರ ಪರದೆಯ ಮೇಲಿದ್ದ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದ. ಆರಾರು ಅಂಕಿಗಳ ಒಂಬತ್ತು ಗುಂಪು.

"ಯಾವ ಊರಿಗೆ ಹೊನ್ನಕ್ಕ?" ರೇಣುಕಪ್ಪ ಕೇಳಿದ.

"ಕಂಪ್ಯೂಟರ್ ಕಂಪನಿಗೆ."

"ನಂಬರ್ ನೋಡಿದ್ರೆ ಪುಕ್ಕಟೆಯದ್ದು. ಮೀಟರ್ ಓಡೋದೇ ಇಲ್ಲ. ನನ್ನ ಬೂತಲ್ಲಿ ಕೂತು ನನಗೇ ನಾಮ ಹಾಕ್ತೀರಲ್ಲ!"

"ಬಾಯಿ ಮುಚ್ಕೊಂಡು ಸ್ಪೀಕರ್ ಹಾಕು. ನಿನ್ನ ತಮ್ಮನ ಜಾಗದ ತಕರಾರು ಅರ್ಜಿ ಎಷ್ಟು ಸಲ ಪುಕ್ಕಟೆ ತಿದ್ದಿಲ್ಲ ನಾನು?"

ರೇಣುಕಪ್ಪ ನಗುತ್ತ ಸ್ಪೀಕರ್ ಹಾಕಿದ. ಮೊದಲು ಯಂತ್ರದ ದನಿ. ಪರಮೇಶ್ವರ ಐವತ್ತನಾಲ್ಕು ಅಂಕಿಗಳನ್ನು ಒಂದೊಂದಾಗಿ ಒತ್ತಿದ. ಹೊನ್ನಕ್ಕ ಚೀಟಿಯ ಮೇಲೆ ಬೆರಳಿಟ್ಟು, ಒತ್ತಿದ್ದು ಸರಿಯೇ ಎಂದು ನೋಡುತ್ತಿದ್ದಳು. ಆಗುವುದಿಲ್ಲ, ನಮ್ಮ ಪ್ರತಿನಿಧಿ ಮಾತಾಡುತ್ತಾರೆ ಎಂದಿತು ಯಂತ್ರ. ಸಂಗೀತ ಬಂತು. ಅದು ಬಹಳ ಹೊತ್ತು ನುಡಿಯಿತು. ಪರಮೇಶ್ವರನಿಗೆ ಲೈನು ಕಡಿದುಹೋಗಲಿ ಎನ್ನಿಸುತ್ತಿತ್ತು.

ಕಡಿಯಲಿಲ್ಲ. ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡಿದಳು. ನಯವಾದ ದನಿ. ಪರಮೇಶ್ವರ ಸಿಡಿಲಿನ ಸಂಗತಿ ಹೇಳಿದ.

"ಈ ವಿಂಡೋಸನ್ನು ಎಷ್ಟು ಕಂಪ್ಯೂಟರುಗಳಲ್ಲಿ ಹಾಕಿದ್ದೀರಿ?"

"ಎಂತ ಕೇಳ್ತಾಳೆ?" ಹೊನ್ನಕ್ಕ ಅವನ ತೋಳು ತಟ್ಟಿದಳು.

"ಎಷ್ಟು ಕಂಪ್ಯೂಟರಿಗೆ ಹಾಕಿದ್ದೀರಿ ಅಂತ."

"ಒಂದೇ. ಒಂದೇ ಒಂದು ಅಂತ ಹೇಳು. ಇರೋದೇ ಒಂದು, ಇನ್ನೆಲ್ಲಿಗೆ ಹಾಕ್ಲಿ?"

ಪರಮೇಶ್ವರ ಕೈಯಲ್ಲಿದ್ದ ಚೀಟಿಯನ್ನು ಮಡಚಿದ. "ಓನ್ಲಿ ಒನ್, ಮೇಡಂ," ಎಂದ.

ಆ ಕಡೆ ಕೀಬೋರ್ಡಿನ ಸದ್ದು. ಆ ಹೆಂಗಸು ಏನೋ ಹೇಳಿದಳು. ಲೈನಿನಲ್ಲಿ ಗೊರಗೊರ ಎಂದು ಸರಿಯಾಗಿ ಕೇಳಲಿಲ್ಲ. ಅವಳು ಅದನ್ನೇ ಹಿಂದಿಯಲ್ಲಿ ನಿಧಾನವಾಗಿ ಮತ್ತೆ ಹೇಳಿದಳು. ರೇಣುಕಪ್ಪ ಮುಂಬಯಿಯ ಹೋಟೆಲಿನಲ್ಲಿ ಎಂಟು ವರ್ಷ ದುಡಿದು ಹಿಂದಿ ಕಲಿತು ಬಂದವನು.

"ಅಯ್ಯಯ್ಯೋ ಹೊನ್ನಕ್ಕ! ಈ ನಂಬರು ಬೇರೆ ಬೇರೆ ಮಿಷನ್ನಿಗೆ ಬಿದ್ದಿದೆ ಅಂತಾಳೆ. ಲೆಕ್ಕಕ್ಕಿಂತ ಜಾಸ್ತಿ ಸಲ ಹಾಕಿದೀರಂತೆ. ಎಂತ, ನೀವೂ ಕಳ್ಳ ವ್ಯಾಪಾರಕ್ಕೆ ಇಳಿದ್ರಾ?"

ಬೂತಿನ ಹೊರಗೆ ಸರದಿಗೆ ನಿಂತಿದ್ದ ಇಬ್ಬರು ತಿರುಗಿ ನೋಡಿದರು. ಒಬ್ಬ ನಕ್ಕ.

ಹೊನ್ನಕ್ಕ ರಿಸೀವರನ್ನು ಪರಮೇಶ್ವರನ ಕೈಯಿಂದ ತೆಗೆದುಕೊಂಡಳು. ಅವಳಿಗೆ ಇಂಗ್ಲಿಷೂ ಬಾರದು, ಹಿಂದಿಯೂ ಬಾರದು. "ನೋಡಮ್ಮ," ಎಂದಳು ಕನ್ನಡದಲ್ಲೇ, ಕಚೇರಿಯ ಸಾಹೇಬರೊಡನೆ ಮಾತಾಡುವಷ್ಟು ಸ್ಪಷ್ಟವಾಗಿ, "ನನ್ನ ಹೆಸರು ಹೊನ್ನಮ್ಮ. ನಾನು ಬಿಲ್ಲು ಸಮೇತ ತಗೊಂಡೋಳು. ಒಂದೇ ಕಂಪ್ಯೂಟರು. ನಾನು ಸುಳ್ಳು ಹೇಳೋಳಲ್ಲ."

ಆ ಕಡೆಯವಳಿಗೆ ಒಂದು ಮಾತೂ ತಿಳಿಯಲಿಲ್ಲ. ಬಿಲ್ಲಿನ ಪ್ರತಿಯ ಜೊತೆಗೆ, ನಡೆದದ್ದೇನೆಂದು ಬರೆದು ಸಹಿ ಮಾಡಿದ ಕಾಗದ ಕಳಿಸಿ, ಪರಿಶೀಲಿಸುತ್ತೇವೆ ಎಂದು ಹೇಳಿ, ಫ್ಯಾಕ್ಸ್ ನಂಬರು ಕೊಟ್ಟು ಫೋನ್ ಇಟ್ಟಳು.

ಇಬ್ಬರೂ ಅಂಗಡಿಗೆ ಬಂದು ಕೂತರು. ಐವತ್ತೆರಡು ವರ್ಷದ ಹೊನ್ನಕ್ಕ ಸೆರಗಿನ ತುದಿಯಿಂದ ಕನ್ನಡಕ ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದು ಒರೆಸಿದಳು.

"ಹೊನ್ನಕ್ಕ," ಎಂದ ಪರಮೇಶ್ವರ. "ಹೊಸದೊಂದು ತಂದುಬಿಡ್ತೇನೆ. ನಾಳೆಯೇ ಶಿವಮೊಗ್ಗಕ್ಕೆ ಹೋಗಿ ಬರ್ತೇನೆ. ನೀವೇನೂ ಕೊಡೋದು ಬೇಡ. ಸೋಮವಾರಕ್ಕೆ ತೊಂದರೆ ಆಗೋದಿಲ್ಲ."

ಬೂತಿನಿಂದ ಬರುವಾಗಲೇ ಅವನು ಇದನ್ನು ಯೋಚಿಸಿಕೊಂಡಿದ್ದ. ಹೀಗೆ ಮಾಡಿದರೆ ಎಲ್ಲ ಮುಚ್ಚಿಹೋಗುತ್ತಿತ್ತು.

"ನೀನ್ಯಾಕೆ ತರ್ತೀಯ?"

"ತಂದದ್ದು ನಾನೇ ಅಲ್ಲವಾ..."

"ತಂದವನು ನೀನು ಅಂತ ನಿನ್ನ ತಪ್ಪಾ? ಒಳ್ಳೇ ಕತೆ. ನಾನು ಮತ್ತೊಂದು ಕೊಂಡ್ರೆ, ಹೌದು, ಮೊದಲನೇದನ್ನ ಹಂಚಿಕೊಂಡು ತಿರುಗಿದವಳು ನಾನೇ ಅಂತ ಒಪ್ಪಿಕೊಂಡ ಹಾಗೆ. ರೇಣುಕಪ್ಪನ ಬಾಯಿಂದ ಈಗಾಗಲೇ ಕಚೇರಿಯ ಮೆಟ್ಟಿಲಿಗೆ ಮುಟ್ಟಿರ್ತದೆ ಸುದ್ದಿ. ಸಂಘದವರಿಗೆ ಗೊತ್ತಾಗದೆ ಇರ್ತದಾ? ಕಾಗದ ಕೇಳಿದಾರಲ್ಲ, ಬರೆದುಕೊಡ್ತೇನೆ. ಕಾಗದ ಬರಿಯೋದು ನನಗೆ ಯಾರೂ ಕಲಿಸಬೇಕಾಗಿಲ್ಲ."

ಅವಳು ಎದ್ದು ಟೈಪ್‌ರೈಟರಿನ ಬಟ್ಟೆ ತೆಗೆದಳು. ಕಪಾಟಿನಿಂದ ಅಫಿಡವಿಟ್ಟಿಗೆ ಬಳಸುವ ಉದ್ದನೆಯ ಹಸಿರು ಕಾಗದ ತಂದಳು.

"ಕಂಪ್ಯೂಟರಲ್ಲೇ ಮಾಡಬಹುದಲ್ಲ, ಇನ್ನೂ ನಡೀತದೆ," ಎಂದ ಅವನು, ಏನಾದರೂ ಹೇಳಬೇಕೆಂದು.

"ಆಪಾದನೆ ಇರೋದೇ ಅದರ ಮೇಲೆ. ಆರೋಪಿಯ ಕೈಲಿ ಹೇಳಿಕೆ ಬರೆಸ್ತಾರಾ? ಕನ್ನಡದಲ್ಲಿ ಮಾಡ್ತೇನೆ. ನೀನು ಇಂಗ್ಲಿಷಿಗೆ ತಿರುಗಿಸಿ ಹಿಂದೆ ಹಚ್ಚು. ಸಾಕ್ಷಿಗೆ ನೀನೇ ಸಹಿ ಹಾಕು. ಹಾಕಿದವನು ನೀನು, ರಿಪೇರಿ ಮಾಡಿದವನು ನೀನು. ನಿನಗಿಂತ ಒಳ್ಳೇ ಸಾಕ್ಷಿ ನನಗೆಲ್ಲಿ ಸಿಗ್ಬೇಕು?"

ಅಕ್ಷರಗಳು ಕಾಗದಕ್ಕೆ ಬಡಿಯತೊಡಗಿದವು. ಪರಮೇಶ್ವರ ಸ್ಟೂಲಿನ ಮೇಲೆ ಕೂತು ಕೇಳಿದ. ಎದ್ದು ಹೋಗಬಹುದಿತ್ತು. ಕೊಪ್ಪದಲ್ಲಿ ಯಾರೋ ಕಾಯುತ್ತಿದ್ದಾರೆ ಎನ್ನಬಹುದಿತ್ತು. ಆದರೆ ಸಹಿ ಹಾಕಲು ನಾಳೆ ಮತ್ತೆ ಕರೆಯುತ್ತಾಳೆ. ಸಹಿ ಹಾಕಿದರೆ ಏನು? ಯಾರೂ ನೋಡಲು ಬರುವುದಿಲ್ಲ. ಕಂಪನಿಯವರು ನಂಬಿ ಅನುಮತಿ ಕೊಟ್ಟರೂ ಕೊಡಬಹುದು. ಆದರೆ ಅವಳ ಬೆರಳುಗಳು ಒಂದೊಂದು ಅಕ್ಷರವನ್ನೂ ಎಷ್ಟು ನಂಬಿ ಒತ್ತುತ್ತಿದ್ದವೆಂದರೆ, ಅವನಿಗೆ ಆ ಕಡೆ ನೋಡಲಾಗಲಿಲ್ಲ.

ಅವಳು ಕಾಗದವನ್ನು ರೋಲರಿನಲ್ಲೇ ಬಿಟ್ಟು ಕನ್ನಡಕ ಸರಿಮಾಡಿಕೊಂಡಳು.

"ಕೇಳು. ಸಾಕ್ಷಿಯವನೂ ಹೌದು ಅನ್ನಬೇಕು, ಗೊತ್ತಲ್ಲ. 'ನರಸಿಂಹರಾಜಪುರ ಪಟ್ಟಣದ ವಾಸಿ ಹೊನ್ನಮ್ಮ ಆದ ನಾನು ಪ್ರಮಾಣ ಮಾಡಿ ತಿಳಿಸುವುದೇನೆಂದರೆ, ಎರಡು ವರ್ಷಗಳ ಹಿಂದೆ ಸದರಿ ಕಂಪ್ಯೂಟರಿಗೆ ವಿಂಡೋಸನ್ನು ರಸೀದಿ ಸಹಿತ ಖರೀದಿಸಿರುತ್ತೇನೆ.'"

"ಹೌದು."

"'ಮಂಗಳವಾರ ಮಧ್ಯಾಹ್ನ ಸಿಡಿಲು ಬಡಿದು ಅದರ ಮದರ್‌ಬೋರ್ಡು ಸುಟ್ಟುಹೋದ ಕಾರಣ ಹೊಸದನ್ನು ಹಾಕಿಸಿರುತ್ತೇನೆ.'"

"ಹೌದು."

"'ಸದರಿ ವಿಂಡೋಸನ್ನು ಈ ಒಂದು ಕಂಪ್ಯೂಟರಿನ ಹೊರತು ಬೇರೆ ಯಾವ ಕಂಪ್ಯೂಟರಿಗೂ ಹಾಕಿರುವುದಿಲ್ಲ.'"

ರಸ್ತೆಯಲ್ಲಿ ಒಂದು ಜೀಪು ಹೋಯಿತು.

"ಪರಮೇಶ?"

ಅವನು ತಲೆ ತಗ್ಗಿಸಿದ್ದ.

"ಹೌದು ಅನ್ನು ಮಾರಾಯ. ಇನ್ನೂ ಎರಡು ವಾಕ್ಯ ಇದೆ."

"ಇಲ್ಲ ಹೊನ್ನಕ್ಕ."

"ಎಂತ ಇಲ್ಲ?"

"ಅದು ಹೌದಲ್ಲ. ಹಾಕಿದೆ. ಮೂರು ಕಡೆ. ನಾನೇ ಹಾಕಿದ್ದು."

ಹೊನ್ನಕ್ಕ ಒಮ್ಮೆ ಕಂಪ್ಯೂಟರಿನ ಕಡೆ ನೋಡಿದಳು, ಒಮ್ಮೆ ಅವನ ಕಡೆ. ಅವನು ಹೇಳಿದ. ನಿಮ್ಮ ಕೀ ನನ್ನ ಪುಸ್ತಕದಲ್ಲಿತ್ತು, ಅದರಿಂದ ನಿಮಗೆ ತೊಂದರೆ ಆಗುತ್ತದೆಂದು ಗೊತ್ತಿರಲಿಲ್ಲ, ಅವರಿಗೆ ಅವಸರವಿತ್ತು, ಇಲ್ಲ ಎನ್ನಲು ಆಗಲಿಲ್ಲ. ಹೇಳುತ್ತ ಹೋದಂತೆ ಒಂದೊಂದು ಕಾರಣವೂ ಬಾಯಿಂದ ಹೊರಬಿದ್ದ ಕೂಡಲೇ ಸಣ್ಣದಾಗುತ್ತಿತ್ತು. ಕೊನೆಗೆ ನಿಲ್ಲಿಸಿದ.

"ಬೂತಿನಲ್ಲಿ ಅವಳು ಕೇಳಿದಾಗ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಒಂದೇ ಅಂದೆ. ನೀನು ಅದನ್ನ ಇಂಗ್ಲಿಷಿನಲ್ಲಿ ಹೇಳಿದೆ."

"ಹೇಳಿದೆ."

"ಆಮೇಲೆ ನಾನು ಆ ಹೆಂಗಸಿನ ಹತ್ತಿರ, ಸುಳ್ಳು ಹೇಳೋಳಲ್ಲ ಅಂತ ಬಾಯಿ ಬಡ್ಕೊಂಡೆ. ನೀನು ಪಕ್ಕದಲ್ಲೇ ನಿಂತಿದ್ದೆ."

ಕೀ ಬಳಸಿದ್ದಕ್ಕೆ ಅವನು ಒಂದು ವರ್ಷ ಏನೇನೋ ಸಮಾಧಾನ ಹೇಳಿಕೊಂಡಿದ್ದ. ಇದಕ್ಕೆ ಒಂದೂ ಸಿಗಲಿಲ್ಲ.

"ಸಂಜೆಯೊಳಗೆ ಎಷ್ಟು ಆಗ್ತದೋ ಅಷ್ಟು ಕಡೆ ತೆಗೆದು ಹಾಕ್ತೇನೆ," ಎಂದ ಗಡಿಬಿಡಿಯಲ್ಲಿ. "ನಾಳೆ ಉಳಿದದ್ದು. ಮೂರೂ ಕಡೆ ತೆಗೆದ ಮೇಲೆ ನೀವು ಬರೆದ ವಾಕ್ಯ ಸತ್ಯವೇ ಆಗ್ತದಲ್ಲ. ನಾಡಿದ್ದಿನ ತಾರೀಕು ಹಾಕಿ..."

"ಹಾಕಿರುವುದಿಲ್ಲ ಅಂತ ಬರೆದಿದೇನೆ. ಹಾಕಿ ತೆಗೆದಿದೇನೆ ಅಂತ ಬರೆದಿಲ್ಲ."

ಅವಳು ರೋಲರ್ ತಿರುಗಿಸಿ ಹಸಿರು ಕಾಗದವನ್ನು ಹೊರತೆಗೆದಳು. ಹರಿಯಲಿಲ್ಲ. ಮಡಚಿ ಡ್ರಾಯರಿನೊಳಗೆ ಇಟ್ಟಳು. ಇನ್ನೊಂದು ಹಸಿರು ಹಾಳೆ ತೆಗೆದು, ಅಂಚು ಸಮ ಮಾಡಿ, ರೋಲರಿಗೆ ಸಿಕ್ಕಿಸಿದಳು. ಬೈಯುತ್ತಾಳೆಂದು ಪರಮೇಶ್ವರ ಕಾಯುತ್ತಿದ್ದ. ಬೈದರೆ ಒಳ್ಳೆಯದಿತ್ತು.

"ನಿಮ್ಮ ಪೂರ್ತಿ ಹೆಸರು ಹೇಳಿ," ಎಂದಳು.

ಅವನಿಗೆ ಒಂದು ಗಳಿಗೆ ತಿಳಿಯಲಿಲ್ಲ. ಇಷ್ಟು ವರ್ಷಗಳಲ್ಲಿ ಅವಳು ಅವನನ್ನು ನೀವು ಎಂದದ್ದಿಲ್ಲ. ಮೊದಲ ಸಲ ಅಂಗಡಿಗೆ ಬಂದ ದಿನವೇ "ನಿನ್ನದು ಯಾವೂರು ಮಾರಾಯ?" ಎಂದು ಶುರು ಮಾಡಿದವಳು. ನೀವು ಎನ್ನುತ್ತಿದ್ದುದು ಅರ್ಜಿ ಬರೆಸಲು ಬಂದ ಹೊಸಬರಿಗೆ.

"ಹೊನ್ನಕ್ಕ, ನೀನು ಅಂತಲೇ ಅನ್ನಿ."

"ಹೆಸರು ಹೇಳಿ."

"ಪರಮೇಶ್ವರ."

"ತಂದೆಯ ಹೆಸರು?"

"ವೆಂಕಟರಮಣ."

"ವಯಸ್ಸು, ಕಸುಬು."

ಅವನು ಹೇಳಿದ. ಅವಳು ಟೈಪು ಮಾಡಿದಳು. ಪ್ರತಿ ಉತ್ತರದ ನಡುವೆ ಯಂತ್ರ ಟಕ್ಕೆಂದು ಮುಂದಿನ ಸಾಲಿಗೆ ಜರುಗುತ್ತಿತ್ತು.

"ಇದನ್ನ ಕಂಪನಿಗೂ ಕಳಿಸ್ತೇನೆ. ಸೋಮವಾರ ಸಂಘದವರು ಬಂದ್ರೆ ಅವರಿಗೂ ಇದನ್ನೇ ತೋರಿಸ್ತೇನೆ. ಕಂಪ್ಯೂಟರ್ ತೆರೆಯದಿದ್ರೂ ಚಿಂತೆಯಿಲ್ಲ. ಕೆಲಸ ಕೊಡೋದು ಬಿಡೋದು ಅವರಿಷ್ಟ. ನನ್ನ ಹೆಸರು ಮಾತ್ರ ಇದರಲ್ಲಿ ಸಿಕ್ಕಿಕೊಳ್ಳಬಾರದು. ಒಪ್ಪಿಗೆ ಇದ್ಯಾ ನಿಮಗೆ?"

"ಇದೆ."

ಅದು ನಿಜವಾಗಿತ್ತು. ತನ್ನ ಹೆಸರು ಆ ಹಸಿರು ಹಾಳೆಯ ಮೇಲೆ ಬಿದ್ದದ್ದನ್ನು ನೋಡಿ ಪರಮೇಶ್ವರನಿಗೆ ಬೆಳಗಿನಿಂದ ಮೊದಲ ಸಲ ಸ್ವಲ್ಪ ಉಸಿರಾಡಲು ಜಾಗ ಸಿಕ್ಕಂತಾಗಿತ್ತು. ಊರಲ್ಲಿ ಗೊತ್ತಾಗಲಿ. ಅವನು ತಿರುಗುವ ಮೂರು ತಾಲ್ಲೂಕಿಗೂ ಗೊತ್ತಾಗಲಿ.

"'ಸದರಿ ಹೊನ್ನಮ್ಮನವರಿಗೆ ತಿಳಿಸದೆ, ಅವರ ಒಪ್ಪಿಗೆ ಪಡೆಯದೆ, ಅವರ ವಿಂಡೋಸಿನ ಕೀಯನ್ನು ಈ ಕೆಳಗಿನ ಮೂರು ಜನರ ಕಂಪ್ಯೂಟರುಗಳಿಗೆ ಹಾಕಿರುತ್ತೇನೆ.' ಹೌದಾ?"

"ಹೌದು."

"ಒಂದನೆಯದು?"

"ಕಮ್ಮರಡಿಯ ಹಾಲಿನ ಡೈರಿಯಲ್ಲಿ..." ಅವನು ತಡೆದ. "ಅವರ ಹೆಸರೂ ಬೇಕಾ?"

"ಬೇಡವಾ? ಮೂರು ಜನ ಅಂತ ಬರೆದು ಯಾರು ಅಂತ ಬರೀದಿದ್ರೆ ಅದು ಹೇಳಿಕೆಯಾ? ನಾಳೆ ಯಾರಾದ್ರೂ, ಹೊನ್ನಕ್ಕನೇ ಇವನ ಕೈಲಿ ಸುಳ್ಳು ಬರೆಸಿದ್ದು ಅಂದ್ರೆ?"

"ಅವರಿಗೂ ಗೊತ್ತಿಲ್ಲ ಹೊನ್ನಕ್ಕ. ಅವರೂ ಒರಿಜಿನಲ್ ಅಂತಲೇ ತಿಳ್ಕೊಂಡವರು. ಅಡ್ಡಗದ್ದೆಯ ಮೇಷ್ಟ್ರು ಬಾಯಿಬಿಟ್ಟು ಕೇಳಿದ್ರು. ಒರಿಜಿನಲ್ಲೇ ಅಂದಿದ್ದೆ."

ಹೊನ್ನಕ್ಕನ ಬೆರಳು ಕೀಲಿಗಳ ಮೇಲೆಯೇ ನಿಂತಿತ್ತು.

ಪರಮೇಶ್ವರನ ಕಣ್ಣ ಮುಂದೆ ತಿಮ್ಮಪ್ಪ ಮೇಷ್ಟ್ರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಾಳೆ ಯಾವುದೋ ಫೋನಿನಲ್ಲಿ ಯಾರೋ ನಯವಾಗಿ ಅವರನ್ನೂ ಕೇಳುತ್ತಾರೆ. ಅವರೂ ರಿಸೀವರ್ ಹಿಡಿದು, ನಾನು ಸುಳ್ಳು ಹೇಳುವವನಲ್ಲ ಎನ್ನುತ್ತಾರೆ. ಹೊರಗೆ ನಿಂತವರು ತಿರುಗಿ ನೋಡುತ್ತಾರೆ. ಅದಕ್ಕೆ ಮುಂಚೆ ಅವರಿಗೆ ತಿಳಿಯಬೇಕು. ಕಾಗದದಿಂದ ಅಲ್ಲ, ಅವರದೇ ಜಗಲಿಯಲ್ಲಿ ಕೂತು, ಅವರ ಮುಖ ನೋಡಿ, ಅವನ ಬಾಯಿಂದಲೇ ತಿಳಿಯಬೇಕು.

"ಮೊದಲು ಅವರಿಗೆ ಹೇಳಿ ಬರ್ತೇನೆ," ಎಂದ. "ಹೆಸರು ಹಾಕೋದು ಆಮೇಲೆ. ಬಂದು ಸಹಿ ಹಾಕ್ತೇನೆ."

"ಹೇಳಿಕೆ ಅರ್ಧಕ್ಕೆ ಬಿಟ್ಟು ಹೋಗೋ ಪದ್ಧತಿ ಇಲ್ಲ ನಮ್ಮಲ್ಲಿ. ಹೋದವರು ತಿರು‌ಗಿ ಬಂದದ್ದು ನಾನು ನೋಡಿದ್ದು ಕಡಿಮೆ."

"ಬರ್ತೇನೆ ಹೊನ್ನಕ್ಕ."

ಅವನು ಚೀಲ ಹೆಗಲಿಗೆ ಹಾಕಿ ಎದ್ದ. ಹೊರಗೆ ಕೊಪ್ಪದ ಬಸ್ಸು ಹಾರನ್ ಹಾಕುತ್ತಿತ್ತು. ಕೊಪ್ಪದಲ್ಲಿಳಿದು ಶೃಂಗೇರಿಯ ಬಸ್ಸು ಹಿಡಿದರೆ ಕತ್ತಲಾಗುವ ಮುಂಚೆ ಅಡ್ಡಗದ್ದೆ.

"ಪರಮೇಶ್ವರ ಅವರೇ, ಕೂತ್ಕೊಳ್ಳಿ. ಇದನ್ನ ಮುಗಿಸಿ ಹೋಗಿ, ಐದು ನಿಮಿಷ ಸಾಕು," ಎಂದಳು ಅವಳು, ಯಂತ್ರದಿಂದ ತಲೆಯೆತ್ತದೆ. "ಡೈರಿಯವರದು ಬಿಡಿ, ಅದು ಎಲ್ಲರಿಗೂ ಗೊತ್ತಿರೋ ಜಾಗ. ಅಡ್ಡಗದ್ದೆಯ ಮೇಷ್ಟ್ರು ಅಂದ್ರಲ್ಲ, ಅವರ ಹೆಸರು, ಇನಿಶಿಯಲ್ ಏನು, ಅವರು ಯಾವ ಶಾಲೆಯಲ್ಲಿ..."

ಅವನು ಆಗಲೇ ಮೆಟ್ಟಿಲಿಳಿದು, ಮೇಷ್ಟ್ರಿಗೆ ಹೇಳಬೇಕಾದ ಮೊದಲ ಮಾತು ಹುಡುಕುತ್ತ, ಬಸ್ಸಿನ ಕಡೆ ನಡೆದಿದ್ದ.